ವಾರದ ವಿಷಯ: ಕುಟುಂಬ

ಗುರುವಾರ ಮಧ್ಯಾಹ್ನ. ರೂವಿಯ ನರ್ಸರಿಯಲ್ಲಿ
ಎ.ಸಿ. ಒಂದೇ ಗೊಣಗುತ್ತಿದೆ.
ಮಕ್ಕಳು ಹೋದ ಮೇಲೆ ಉಳಿದದ್ದು
ಒಂಟಿ ಕಾಲುಚೀಲ, ಅರ್ಧ ಕಚ್ಚಿದ ಖರ್ಜೂರ,
ನಾನು, ಮತ್ತು ಯೋಜನಾ ಪುಸ್ತಕದ ನಾಲ್ಕು ಕಲಂ:
ಉದ್ದೇಶ, ಚಟುವಟಿಕೆ, ಸಾಮಗ್ರಿ, ಸಮಯ.

ಮುಖ್ಯ ಕಚೇರಿ ಕಳಿಸಿದ ಹಾಳೆಯಲ್ಲಿ
ಕೆಂಪು ಮಾಡಿನ ಮನೆ, ಚಿಮಣಿಯಲ್ಲಿ ಹೊಗೆ,
ಅಪ್ಪ ಅಮ್ಮ ಅಣ್ಣ ತಂಗಿ, ಒಂದು ನಾಯಿ.
ಹೊರಗೆ ನಲವತ್ತಾರು ಡಿಗ್ರಿ.
ಈ ಚಿಮಣಿ ಏನೆಂದು ನನ್ನ ಹದಿನೆಂಟು ಮಕ್ಕಳಿಗೆ
ಯಾವ ಬಾಯಲ್ಲಿ ಹೇಳಲಿ?
"ಶವರ್ಮಾ ಮಾಡ್ತಿದ್ದಾರೆ ಅನ್ನು," ಅಂದಳು ಮಿಸ್ರಿಯಾ,
ಬ್ಯಾಗು ಹೆಗಲಿಗೇರಿಸಿ ಹೊರಟೇ ಹೋದಳು.

ಭಾನುವಾರಕ್ಕೆ ಬರೆದೆ: ಮನೆಯವರ ಫೋಟೋ ತನ್ನಿ.
ಬರೆದು, ಹೊಡೆದು ಹಾಕಿದೆ.
ಅಸೀಲಳ ಅಮ್ಮ ತನ್ನ ಮುಖವನ್ನು ಗೋಡೆಗೆ ಅಂಟಿಸಗೊಡುವುದಿಲ್ಲ,
ಅದು ಅವರ ರೀತಿ, ಸರಿ.
ಜೋಶಲ್‌ನ ಯಾವ ಫೋಟೋದಲ್ಲೂ ಅಪ್ಪ ಇಲ್ಲ;
ತೆಗೆದವನೇ ಅಪ್ಪ.

ಸೋಮವಾರ, ಬೆರಳುಗೊಂಬೆ. ಒಬ್ಬರಿಗೆ ಐದು,
ಹದಿನೆಂಟೈದ್ಲಿ ತೊಂಬತ್ತು.
ಎಷ್ಟು ಜನಕ್ಕೆ ಐದು ಸರಿಹೋದೀತು ಅನ್ನುವಲ್ಲಿ
ಕತ್ತರಿ ನಿಂತಿತು.
ಇಫ್ರಾಳ ಫ್ಲಾಟಿನಲ್ಲಿ ಎರಡು ಸಂಸಾರ, ಒಂದೇ ಒಲೆ,
ಅವಳ ಲೆಕ್ಕದಲ್ಲಿ ಅದು ಒಂಬತ್ತು ಜನರ ಒಂದು ಮನೆ.
ಕುಶಲನಿಗೆ ಅಪ್ಪ ತಿಂಗಳು ಬಿಟ್ಟು ತಿಂಗಳು.
ಮರುಭೂಮಿಯ ಎಣ್ಣೆಬಾವಿಯಿಂದ ಬಂದವನನ್ನು
ಮೊದಲ ಮೂರು ದಿನ ಅಂಕಲ್ ಅನ್ನುತ್ತಾನೆ.
ಸಾಲಿಮನ ಹೆಬ್ಬೆರಳು ನಿಲ್ಮಿನಿಗೆ,
ಗಾಲೆಯಿಂದ ಬಂದು ಅವನಿಗೆ ತುತ್ತು ನುಂಗಲು ಕಲಿಸಿದವಳಿಗೆ.
ಅಮ್ಮ ಎರಡನೆಯ ಬೆರಳು.
ಇದನ್ನು ಅಮ್ಮನಿಗೆ ತಿಳಿಸಬೇಕೇ? ಯಾವ ಕಲಮಿನಲ್ಲಿ?

ಪುಸ್ತಕ ಮುಚ್ಚಿ ಮನೆಗೆ ಬಂದೆ. ಲಿಫ್ಟು ಕೆಟ್ಟಿತ್ತು.
ಮೂರು ಮಹಡಿ ಹತ್ತುವಾಗ ಬಾಗಿಲು ಬಾಗಿಲಿಗೂ
ಹಾಜರಿ ಹೇಳುತ್ತಿದ್ದವು ಚಪ್ಪಲಿಗಳು:
ಸಿಮೆಂಟು ಮೆತ್ತಿದ ಬೂಟು, ಅದರೊಳಗೆ ತುರುಕಿಟ್ಟ
ಮಿಣಮಿಣ ದೀಪದ ಪುಟ್ಟ ಶೂ,
ಹಿಮ್ಮಡಿ ಸವೆದ ರಬ್ಬರು,
ಯಾರೋ ನೆಂಟರ ಹೊಸ ಹೊಳಪು.
ಯಾವುದೂ ವೀಸಾ ತೋರಿಸಲಿಲ್ಲ.
ಒಳಗಿರುವವರು ಒಳಗಿದ್ದಾರೆ, ಅಷ್ಟೆ.

ಮೆಟ್ಟಿಲ ಮೇಲೆಯೇ ನಿಂತು ಅಬೀರ್ ಮೇಡಂಗೆ ಫೋನು:
ಮನೆಯವರ ಚಪ್ಪಲಿ ತರಿಸಲೇ?
"ಛೀ, ಕೊಳಕು," ಅಂದರು. ಸ್ವಲ್ಪ ಹೊತ್ತು ಬಿಟ್ಟು,
"ಪಾದ ಆಗಬಹುದು. ತೊಳೆದಿದ್ದರೆ."

ಚಟುವಟಿಕೆ: ಮನೆಯಲ್ಲಿರುವ ಎಲ್ಲರ ಪಾದದ ಸುತ್ತ ಗೆರೆ.
ಉದ್ದೇಶ: ದೊಡ್ಡದು ಚಿಕ್ಕದು, ಎಡ ಬಲ, ಎಣಿಕೆ.
ಊರಲ್ಲಿಲ್ಲದವರಿದ್ದರೆ ಅವರ ಶೂವಿನ ಸುತ್ತ ಎಳೆಯಿರಿ.
ಶೂ ಕೂಡ ಇಲ್ಲದಿದ್ದರೆ
ಮಗುವೇ ಅಂದಾಜು ಮಾಡಲಿ.

ತೋರಿಸಲು ಒಂದು ಮಾದರಿ ಬೇಕಲ್ಲ.
ಇವರು ರಾತ್ರಿಯಿಡೀ ರಿಕವರಿ ಗಾಡಿಯಲ್ಲಿ
ಕೆಟ್ಟು ನಿಂತ ಕಾರುಗಳನ್ನು ವಾದಿ ಕಬೀರಿಗೆ ಎಳೆದು ತಂದು
ಸಂಜೆಯಾದರೂ ಸೋಫಾದಲ್ಲಿ ಬಿದ್ದುಕೊಂಡಿದ್ದರು.
ಕಾಲಡಿಗೆ ರಟ್ಟು, ರಟ್ಟಿನ ಮೇಲೆ ಕಂದು ಕಾಗದ.
ಪೆನ್ಸಿಲು ತಾಗಿದೊಡನೆ ನಿದ್ದೆಯಲ್ಲೇ
"ಯಾವ ಗಾಡಿ?" ಅಂದರು.
ಮಲಗಿ, ಅಂದೆ.
ಹಿಮ್ಮಡಿಯ ಒಡಕಿನಲ್ಲಿ ಮೊನೆ ಎರಡು ಸಲ ಎಡವಿತು.
ಹದಿನಾಲ್ಕು ವರ್ಷ ಒಂದೇ ಚಾಪೆ, ಒಂದೇ ಬಚ್ಚಲು;
ಇವರ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಅಂತ
ಇವತ್ತು ಗೊತ್ತಾಯಿತು.

ಪಕ್ಕದಲ್ಲಿ ನನ್ನದು ಬರೆದೆ.
ಹಾಳೆ ಇನ್ನೂ ಅರ್ಧ ಖಾಲಿ ಇತ್ತು.
ಕತ್ತರಿಸಲು ಹೋಗಿ, ಬಿಟ್ಟೆ.

ಸಾಮಗ್ರಿ: ಕಂದು ಕಾಗದ, ಒಬ್ಬರಿಗೆ ಒಂದು ಮೀಟರು.
ಇಫ್ರಾಳಿಗೆ ಮಾತ್ರ ಮೂರು.